ಚಿಕ್ಕ ರೂಮಿಗೆ ಹೋಮ್ ಥಿಯೇಟರ್: ಸ್ಪೀಕರ್ ಮೊದಲು, ರಿಸೀವರ್ ಕೊನೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಂದ ಬರುವ ದೂರು ಹೆಚ್ಚೂಕಡಿಮೆ ಒಂದೇ. ಐದು ಸ್ಪೀಕರ್, ತಗ್ಗಿನ ಸ್ವರಕ್ಕೆ ದೊಡ್ಡ ಸಬ್‌ವೂಫರ್, ಸದ್ದನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ಜಾಸ್ತಿ ವ್ಯಾಟಿನ ರಿಸೀವರ್ ಎಲ್ಲ ಮನೆಗೆ ಬಂದಿದೆ. ಫೈಟ್ ಸೀನ್ ಬಂದರೆ ಕಿಟಕಿ ಗಾಜು ನಡುಗುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಸೌಂಡ್ ಏರಿಸುವುದು, ಇಳಿಸುವುದು, ಇದರಲ್ಲೇ ಸಿನಿಮಾ ಮುಗಿದುಹೋಗುತ್ತದೆ.

ಬಹಳಷ್ಟು ಸಲ ಸಾಮಾನು ಕೆಟ್ಟದ್ದಲ್ಲ, ಕೊಂಡ ಕ್ರಮ ತಪ್ಪು. ಅಂಗಡಿಗೆ ಹೋಗಿ ಮೊದಲು ರಿಸೀವರ್ ಆರಿಸುತ್ತಾರೆ. ಉಳಿದ ದುಡ್ಡಿನಲ್ಲಿ ಸ್ಪೀಕರ್ ತರುತ್ತಾರೆ. ರೂಮಿನ ಬಗ್ಗೆ ಯೋಚಿಸುವುದು ಎಲ್ಲ ಮುಗಿದ ಮೇಲೆ. ಇದನ್ನು ಪೂರ್ತಿ ತಿರುಗಿಸಬೇಕು: ಮೊದಲು ರೂಮು, ಆಮೇಲೆ ಕೂರುವ ಜಾಗ, ಆಮೇಲೆ ಟಿವಿ ಹತ್ತಿರ ನಡುವೆ ಇಡುವ ಸೆಂಟರ್ ಸ್ಪೀಕರ್, ಅದರ ಎಡ-ಬಲದವು, ಸಬ್‌ವೂಫರ್, ಕೊನೆಗೆ ರಿಸೀವರ್. ಇಲ್ಲಿ ಹೇಳುವುದೆಲ್ಲ 10×10 ಅಡಿಯಿಂದ 12×16 ಅಡಿವರೆಗಿನ ರೂಮಿಗೆ ಅನ್ವಯಿಸುತ್ತದೆ.

## ಕೈಯಲ್ಲಿ ಇರಬೇಕಾದದ್ದು

ಅಳತೆ ಟೇಪು, ಚೌಕುಳಿ ಹಾಳೆ, ಸೀಮೆಸುಣ್ಣ, ಸೌಂಡ್ ಮೀಟರ್ ಆ್ಯಪ್ ಹಾಕಿದ ಮೊಬೈಲ್, 1.5 ವೋಲ್ಟಿನ ಒಂದು ಸೆಲ್, ವೈರ್ ಸುಲಿಯುವ ಕಟರ್, ಸಣ್ಣ ಸ್ಕ್ರೂಡ್ರೈವರ್. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ನಿಮ್ಮಲ್ಲಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಳಿ ಇರುತ್ತದೆ, ಅವರನ್ನೇ ಒಂದು ಸಲ ಕರೆಸಿ.

## ಹಂತ 1: ರೂಮನ್ನು ಅಳೆಯಿರಿ, ಚಪ್ಪಾಳೆ ತಟ್ಟಿ

ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ. ಬಾಗಿಲು, ಕಿಟಕಿ, ಪ್ಲಗ್ ಪಾಯಿಂಟ್, ಕೂಲರ್ ಇಡುವ ಜಾಗ ಎಲ್ಲ ಹಾಳೆಯ ಮೇಲೆ ಗುರುತು ಮಾಡಿ.

ಉದ್ದ-ಅಗಲ ಎರಡೂ ಒಂದೇ ಆಗಿದ್ದರೆ ಎಚ್ಚರ ಬೇಕು. ಎದುರುಬದುರು ಗೋಡೆಗಳ ನಡುವೆ ಕೆಲವು ಬೇಸ್ (ತಗ್ಗಿನ) ಸ್ವರಗಳು ನಿಂತು ಗುಂಯ್‌ಗುಡುತ್ತವೆ. 10 ಅಡಿ ಅಂತರಕ್ಕೆ ಅದು ಸುಮಾರು 56 ಹರ್ಟ್ಸ್. ರೂಮು ಚೌಕಾಕಾರ ಇದ್ದರೆ ಎರಡೂ ಕಡೆಯಿಂದ ಅದೇ ಸ್ವರ ಸೇರಿಕೊಂಡು ದುಪ್ಪಟ್ಟು ತೊಂದರೆ. ಗೋಡೆ ಒಡೆಯಬೇಕಿಲ್ಲ. ಕೂರುವ ಜಾಗವನ್ನು ರೂಮಿನ ನಟ್ಟನಡುವೆ ಇಡದೆ ಒಂದೂವರೆ ಅಡಿ ಹಿಂದೆ ಸರಿಸಿದರೆ ಅರ್ಧ ಕಷ್ಟ ಕಡಿಮೆ.

ಈಗ ರೂಮಿನ ಮಧ್ಯೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಝಣ್ ಅಂತ ಸದ್ದು ಎಳೆದುಕೊಂಡು ಹೋಯಿತಾ? ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು ಅಥವಾ ಗ್ರಾನೈಟ್, ಮೇಲೆ ಆರ್‌ಸಿಸಿ, ಸುತ್ತ ನುಣ್ಣನೆ ಗೋಡೆ. ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ಮಾತು ತಿಳಿಯದಿರಲು ದೊಡ್ಡ ಕಾರಣ ಇದೇ. ಹಳೆ ಮಾಳಿಗೆ ಮನೆಗಳಲ್ಲಿ, ಜಂತಿ ಮತ್ತು ಮಣ್ಣಿನ ಮೇಲ್ಛಾವಣಿ ಇರುವಲ್ಲಿ ಈ ತೊಂದರೆ ಕಡಿಮೆ. ಅಂಥ ಪಡಸಾಲೆ ಇದ್ದರೆ ಹೊಸ ರೂಮಿಗಿಂತ ಅದನ್ನೇ ಆರಿಸಿ ಅಂತ ನಾನು ಹೇಳುತ್ತೇನೆ.

ಗಟ್ಟಿ ರೂಮಿಗೆ ಮದ್ದು ಮನೆಯಲ್ಲೇ ಇದೆ. ಟಿವಿಗೂ ನಿಮಗೂ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ. ಎಡ-ಬಲ ಗೋಡೆಗಳ ಮೇಲೆ ಎರಡು ಕೌದಿ ತೂಗುಹಾಕಿ. ಗೋಡೆಗೆ ಅಂಟಿಸಬೇಡಿ, ಎರಡು-ಮೂರು ಇಂಚು ಅಂತರ ಬಿಡಿ, ಆಗ ಅದು ಹೆಚ್ಚು ಸದ್ದು ಹೀರುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿ. ರಾಯಚೂರು ಕಡೆಯವರಿಗೆ ಹತ್ತಿ ಸುಲಭವಾಗಿ ಸಿಗುತ್ತದೆ. 2×4 ಅಡಿ ಮರದ ಚೌಕಟ್ಟಿಗೆ ನಾಲ್ಕು ಇಂಚು ದಪ್ಪ ಹತ್ತಿ ತುಂಬಿ ಬಟ್ಟೆ ಹೊದಿಸಿದರೆ ಒಳ್ಳೆ ಪ್ಯಾನಲ್ ಆಗುತ್ತದೆ. ಹತ್ತಿಗೆ ಬೇಗ ಬೆಂಕಿ ಹತ್ತುತ್ತದೆ. ಪ್ಲಗ್ ಪಾಯಿಂಟ್, ದೀಪ, ದೇವರ ಗೂಡಿನ ಹತ್ತಿರ ಬೇಡವೇ ಬೇಡ. ಮೊಟ್ಟೆ ಟ್ರೇ ಅಂಟಿಸುವ ಕೆಲಸಕ್ಕೆ ಇಳಿಯಬೇಡಿ, ಅದರಿಂದ ಆಗುವ ಉಪಯೋಗ ತೀರಾ ಕಡಿಮೆ.

ಇನ್ನು ಕೂಲರ್. ಮಾರ್ಚ್‌ನಿಂದ ಜೂನ್‌ವರೆಗೆ ಕೂಲರ್ ಇಲ್ಲದೆ ಸಿನಿಮಾ ನೋಡುವ ಮಾತೇ ಇಲ್ಲ, ಅಲ್ವಾ? ಕೂಲರ್, ಫ್ಯಾನ್ ಎರಡೂ ಹಾಕಿ, ಕೂರುವ ಜಾಗದಲ್ಲಿ ಮೊಬೈಲ್ ಮೀಟರ್ ನೋಡಿ. ಆ್ಯಪ್ ಅಷ್ಟು ನಿಖರವಲ್ಲ, ಆದರೆ ಹೋಲಿಸಿ ನೋಡಲು ಸಾಕು. ಮೀಟರ್ 60 ಡೆಸಿಬೆಲ್ ಹತ್ತಿರ ತೋರಿಸಿದರೆ ಮಾತು ಸಲೀಸಾಗಿ ಕೇಳಲು ಅದಕ್ಕಿಂತ 10-15 ಡೆಸಿಬೆಲ್ ಮೇಲಿರಬೇಕು. ಅಂದರೆ ಪೂರ್ತಿ ಸಿಸ್ಟಮ್ಮನ್ನೇ ಜೋರಾಗಿ ಇಡಬೇಕು. ಕೂಲರನ್ನು ಕಿಟಕಿ ಆಚೆ ಕೂರಿಸಿ, ವೇಗ ಒಂದು ಹಂತ ತಗ್ಗಿಸಿ. ದುಬಾರಿ ಸ್ಪೀಕರ್ ಕೊಡದ ಲಾಭ ಇದರಿಂದ ಸಿಗುತ್ತದೆ. ಕೂಲರಿನ ತೇವದ ಗಾಳಿ ನೇರವಾಗಿ ಸ್ಪೀಕರ್, ರಿಸೀವರ್ ಮೇಲೆ ಬೀಳಬಾರದು.

## ಹಂತ 2: ಕೂರುವ ಜಾಗ, ಕಿವಿಯ ಎತ್ತರ

ಎಲ್ಲ ಅಳತೆಯೂ ನಿಮ್ಮ ಕಿವಿಯಿಂದ ಶುರುವಾಗುತ್ತದೆ. ಸೋಫಾ ಮೇಲೆ ಕೂತರೆ ಕಿವಿ ನೆಲದಿಂದ ಮೂರು, ಮೂರೂಕಾಲು ಅಡಿ ಮೇಲಿರುತ್ತದೆ. ಗಾದಿ, ಜಮಖಾನದ ಮೇಲೆ ಕೂರುವ ಮನೆಗಳಲ್ಲಿ ಎರಡೂವರೆ ಅಡಿ ಅಷ್ಟೇ. ಕಂಪನಿಯ ಪುಸ್ತಕಗಳು ಸೋಫಾ ಲೆಕ್ಕದಲ್ಲೇ ಬರೆದಿರುತ್ತವೆ. ನಿಮ್ಮ ಮನೆಯಲ್ಲಿ ಜಾಸ್ತಿ ಜನ ಎಲ್ಲಿ ಕೂರುತ್ತಾರೋ ಅಲ್ಲಿ ಕೂತು ಅಳೆಯಿರಿ. ಸ್ಪೀಕರ್‌ನ ಮೇಲಿನ ಸಣ್ಣ ಕೋನ್, ಅಂದರೆ ಟ್ವೀಟರ್, ಆ ಎತ್ತರಕ್ಕೆ ಬರಬೇಕು.

ತಲೆ ಹಿಂದಿನ ಗೋಡೆಗೆ ಒರಗುವ ಹಾಗೆ ಕೂರಬೇಡಿ. ಅಲ್ಲಿ ಬೇಸ್ ಉಬ್ಬುತ್ತದೆ. ಕನಿಷ್ಠ ಎರಡು ಅಡಿ ಬಿಡಿ. ಎಡ-ಬಲ ಸ್ಪೀಕರ್‌ಗಳು ನಿಮ್ಮ ಕಣ್ಣೆದುರಿನ ನೇರ ಗೆರೆಯಿಂದ ತಲಾ 22ರಿಂದ 30 ಡಿಗ್ರಿ ಕೋನದಲ್ಲಿ ಇರಬೇಕು. ಲೆಕ್ಕ ಸುಲಭ: 9 ಅಡಿ ದೂರ ಕೂರುತ್ತೀರಿ ಅಂದರೆ ಎರಡರ ನಡುವೆ 7ರಿಂದ 9 ಅಡಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿ, ಒಂದು ವಾರ ಓಡಾಡಿ ನೋಡಿ. ಬಾಗಿಲಿಗೆ ತಾಗುತ್ತದಾ, ಮಕ್ಕಳು ಎಡವುತ್ತಾರಾ ಅನ್ನುವುದು ದುಡ್ಡು ಕೊಡುವ ಮುಂಚೆಯೇ ಗೊತ್ತಾಗಲಿ.

## ಹಂತ 3: ಎಷ್ಟು ಸ್ಪೀಕರ್ ಬೇಕು ಅಂತ ತೀರ್ಮಾನಿಸಿ

5.1 ಅಂದರೆ ಮುಂದೆ ಮೂರು, ಪಕ್ಕ-ಹಿಂದೆ ಎರಡು (ಇವೇ ಸರೌಂಡ್), ಒಂದು ಸಬ್‌ವೂಫರ್. ಸರೌಂಡ್ ಸ್ಪೀಕರ್ ನಿಮ್ಮ ಪಕ್ಕಕ್ಕಿಂತ ಸ್ವಲ್ಪ ಹಿಂದೆ, ಸುಮಾರು 110 ಡಿಗ್ರಿಯಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ ಇರಬೇಕು. ಹಿಂದೆ ಜಾಗವೇ ಇಲ್ಲದಿದ್ದರೆ, ಒಂದು ಪಕ್ಕ ಬಾಗಿಲೇ ಇದ್ದರೆ, ಬಲವಂತ ಮಾಡಬೇಡಿ. 3.1, ಅಂದರೆ ಮುಂದಿನ ಮೂರು ಮತ್ತು ಸಬ್‌ವೂಫರ್, ಸಾಕು. ಎರಡು ಸರೌಂಡ್‌ಗೆ ಹೋಗುವ ದುಡ್ಡನ್ನು ಸೆಂಟರ್‌ಗೆ ಹಾಕಿ.

ನನ್ನ ಮಾತು ನೇರ: ಇಕ್ಕಟ್ಟಾದ ರೂಮಿನಲ್ಲಿ ಒಳ್ಳೆ 3.1 ಯಾವತ್ತೂ ಸಾಧಾರಣ 5.1ಗಿಂತ ಮೇಲು. ಸಿನಿಮಾದ ಮಾತೆಲ್ಲ ಬಹುಪಾಲು ಸೆಂಟರ್‌ನಿಂದಲೇ ಬರುವುದು. ಐದು ಚಾನಲ್, ಅಂದರೆ ಐದು ಸ್ಪೀಕರ್ ಓಡಿಸುವ ರಿಸೀವರ್ ತಂದಿದ್ದರೆ ಸರೌಂಡನ್ನು ಮುಂದಿನ ವರ್ಷವೂ ಸೇರಿಸಬಹುದು. ಚಾವಣಿಯಿಂದ ಸದ್ದು ಬರುವ ಡಾಲ್ಬಿ ಅಟ್ಮಾಸ್ ಆಸೆ ಇದ್ದರೆ ಏಳು ಚಾನಲ್ ರಿಸೀವರ್ ಬೇಕು. ಆದರೆ ಮುಂದಿನ ಮೂರು ಸರಿಯಾಗುವ ತನಕ ಅದನ್ನು ಮುಟ್ಟಬೇಡಿ.

ದುಡ್ಡನ್ನು ಹತ್ತು ಪಾಲು ಮಾಡಿ. ಐದು ಪಾಲು ಸ್ಪೀಕರ್‌ಗಳಿಗೆ, ಎರಡು ಸಬ್‌ವೂಫರ್‌ಗೆ, ಎರಡೂವರೆ ರಿಸೀವರ್‌ಗೆ, ಅರ್ಧ ಪಾಲು ವೈರು-ಸ್ಟ್ಯಾಂಡಿಗೆ.

## ಹಂತ 4: ಸ್ಪೀಕರ್ ಆರಿಸುವುದು, ಸೆಂಟರ್‌ನಿಂದ ಶುರು

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಸೆಂಟರ್. ನಿಮಗೆ ಬಾಯಿಪಾಠ ಇರುವ ಸಿನಿಮಾ ದೃಶ್ಯವನ್ನು ಪೆನ್‌ಡ್ರೈವಲ್ಲಿ ಒಯ್ಯಿರಿ. ಕನ್ನಡವೋ ತೆಲುಗೋ, ನೀವು ಮನೆಯಲ್ಲಿ ಯಾವುದು ಜಾಸ್ತಿ ನೋಡುತ್ತೀರೋ ಅದೇ. ಸೌಂಡ್ ಕಡಿಮೆ ಇಟ್ಟು ಮಾತು ಕೇಳಿ. ಅಂಗಡಿಯವರು ಬಾಂಬ್ ಸಿಡಿಯುವ ಸೀನ್ ಹಾಕಿದರೆ ನಿಲ್ಲಿಸಲು ಹೇಳಿ. ಜೋರಾಗಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಎದುರಿನಿಂದ ಎದ್ದು ಮೂರಡಿ ಪಕ್ಕಕ್ಕೆ ಸರಿದು ಕೇಳಿ. ಆಗಲೂ ಮಾತು ಸ್ಪಷ್ಟ ಇದ್ದರೆ ಅದು ಮನೆಮಂದಿಯೆಲ್ಲ ಸಾಲಾಗಿ ಕೂತು ನೋಡಲು ಸರಿ.

ಎಡ, ಬಲ, ಸೆಂಟರ್ ಮೂರೂ ಒಂದೇ ಕಂಪನಿಯ ಒಂದೇ ಸರಣಿಯದ್ದಾಗಿರಲಿ. ಇಲ್ಲದಿದ್ದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ಮಧ್ಯದಲ್ಲಿ ಅದರ ದನಿಯೇ ಬದಲಾಗುತ್ತದೆ. ಸರೌಂಡ್ ಬೇರೆ ಕಂಪನಿಯದ್ದಾದರೂ ನಡೆಯುತ್ತದೆ. ಈ ಅಳತೆಯ ರೂಮಿಗೆ 5ರಿಂದ 6.5 ಇಂಚಿನ ವೂಫರ್ (ದೊಡ್ಡ ಕೋನ್) ಇರುವ ಬುಕ್‌ಶೆಲ್ಫ್, ಅಂದರೆ ಸ್ಟ್ಯಾಂಡ್ ಮೇಲೆ ಇಡುವ ಸಣ್ಣ ಸ್ಪೀಕರ್ ಸಾಕು. ನೆಲದ ಮೇಲೆ ನಿಲ್ಲುವ ಟವರ್ ಬೇಕಿಲ್ಲ, ಕೆಳಗಿನ ಸ್ವರ ಹೇಗೂ ಸಬ್‌ವೂಫರ್ ನೋಡಿಕೊಳ್ಳುತ್ತದೆ.

ಡಬ್ಬದ ಮೇಲೆ ಮೂರು ವಿಷಯ ನೋಡಿ.

ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ. 86-88 ಇದ್ದರೆ ಸರಿ. 83-84 ಇದ್ದರೆ ಆಂಪ್ಲಿಫೈಯರ್ ಜಾಸ್ತಿ ದುಡಿಯಬೇಕು. 4 ಓಮ್ ಸ್ಪೀಕರ್‌ಗೆ "2.83 ವೋಲ್ಟ್‌ಗೆ" ಅಂತ ಬರೆದಿದ್ದರೆ ಅಲ್ಲಿ ಹೋಗುವುದು ಒಂದಲ್ಲ, ಎರಡು ವ್ಯಾಟ್. ಅದರಿಂದ 3 ಡೆಸಿಬೆಲ್ ಕಳೆದು ಹೋಲಿಸಿ.

ಓಮ್: ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. 8 ಅಥವಾ 6 ಇರಲಿ. ಅಗ್ಗದ ರಿಸೀವರ್‌ಗಳು 4 ಓಮ್ ಸ್ಪೀಕರ್ ಜೊತೆ ಬೇಗ ಬಿಸಿಯಾಗುತ್ತವೆ. ನಮ್ಮ ಬೇಸಿಗೆಗೆ ಅದು ಒಗ್ಗುವುದಿಲ್ಲ.

ಗಾಳಿ ತೂತು: ಸ್ಪೀಕರ್ ಹಿಂಭಾಗದಲ್ಲಿ ತೂತು ಇದ್ದರೆ ಗೋಡೆಯಿಂದ ಒಂದು ಅಡಿ ದೂರ ಬೇಕು. ಅಷ್ಟು ಜಾಗ ಇಲ್ಲದವರು ತೂತು ಮುಂದೆ ಇರುವುದನ್ನೋ, ತೂತೇ ಇಲ್ಲದ್ದನ್ನೋ ಕೊಳ್ಳಿ.

ಎದ್ದು ಬರಬೇಕಾದ ಸೂಚನೆಗಳೂ ಇವೆ. ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಬಿಟ್ಟುಬಿಡಿ, ಅದಕ್ಕೆ ಯಾವ ಅಳತೆಗೋಲೂ ಇಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವ್ಯಾಟ್, ಎಷ್ಟು ಅಂತ ಕೇಳಿ. ಅಂಗಡಿಯಲ್ಲೇ ಜೋಡಿಸಿದ ಕೆಲವು "5.1 ಆಂಪ್ಲಿಫೈಯರ್"ಗಳು ಸ್ಟೀರಿಯೊ ಸದ್ದನ್ನೇ ಐದಕ್ಕೆ ಹಂಚುತ್ತವೆ. ಸಿನಿಮಾದ ಡಾಲ್ಬಿ ಸರೌಂಡ್ ಸದ್ದನ್ನು ಬಿಡಿಸುವ ಶಕ್ತಿಯೇ ಇರುವುದಿಲ್ಲ. ಎಚ್‌ಡಿಎಂಐ ಕಿಂಡಿ ಇಲ್ಲದೆ ಬರೀ ಕೆಂಪು-ಬಿಳಿ ಕಿಂಡಿಗಳಿದ್ದರೆ ಅನುಮಾನ ಪಡಿ.

ಕೇಳಿ ನೋಡುವ ರೂಮು ಇರುವ ಅಂಗಡಿ ನಮ್ಮೂರುಗಳಲ್ಲಿ ಕಡಿಮೆ. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಅರ್ಧ ದಿನ ಇದಕ್ಕೆ ಇಟ್ಟುಕೊಳ್ಳಿ.

## ಹಂತ 5: ಸಬ್‌ವೂಫರ್

10×12 ರೂಮಿಗೆ 8 ಇಂಚು, 12×16ಕ್ಕೆ 10 ಇಂಚು. ತನ್ನೊಳಗೇ ಆಂಪ್ಲಿಫೈಯರ್ ಇರುವ ಆ್ಯಕ್ಟಿವ್ ಸಬ್‌ವೂಫರ್ ಕೊಳ್ಳಿ. ರಿಸೀವರ್‌ಗಳು ಪ್ಯಾಸಿವ್ ಸಬ್ಬನ್ನು ಓಡಿಸುವುದಿಲ್ಲ.

ಎಲ್ಲಿಡಬೇಕು ಅನ್ನುವುದಕ್ಕೆ ಒಂದು ಉಪಾಯ. ಸಬ್ಬನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಬೇಸ್ ಜಾಸ್ತಿ ಇರುವ ಹಾಡು ಹಾಕಿ. ಗೋಡೆಗುಂಟ ಬಗ್ಗಿ ನಡೆಯುತ್ತಾ ಕೇಳಿ. ಒಂದು ಕಡೆ ಗುಂಯ್ ಅನ್ನುತ್ತದೆ, ಇನ್ನೊಂದು ಕಡೆ ಬೇಸೇ ಮಾಯ. ಎಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೋ ಸಬ್ಬನ್ನು ಅಲ್ಲಿಗೆ ಒಯ್ಯಿರಿ. ಮೂಲೆಯಲ್ಲಿ ಇಟ್ಟರೆ ಸದ್ದು ಜಾಸ್ತಿ, ಸ್ಪಷ್ಟತೆ ಕಡಿಮೆ.

## ಹಂತ 6: ಈಗ ರಿಸೀವರ್

ಸ್ಪೀಕರ್ ಗೊತ್ತಾದ ಮೇಲೆ ಎಷ್ಟು ವ್ಯಾಟ್ ಬೇಕು ಅನ್ನುವುದು ಬರೀ ಕೂಡು-ಕಳೆಯುವ ಲೆಕ್ಕ. ಸ್ಪೀಕರ್ 87 ಡೆಸಿಬೆಲ್, ನೀವು ಕೂರುವುದು 9 ಅಡಿ ದೂರ ಅಂತಿಟ್ಟುಕೊಳ್ಳಿ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ 8-9 ಡೆಸಿಬೆಲ್ ಇಳಿಯುತ್ತದೆ. ರೂಮಿನಲ್ಲಿ ಗೋಡೆಗಳು ಸ್ವಲ್ಪ ವಾಪಸ್ ಕೊಡುವುದರಿಂದ ಒಂದು ವ್ಯಾಟ್‌ಗೆ ಸುಮಾರು 80 ಸಿಗುತ್ತದೆ. ವ್ಯಾಟ್ ಎರಡರಷ್ಟಾದಾಗಲೆಲ್ಲ 3 ಡೆಸಿಬೆಲ್ ಏರುತ್ತದೆ. 2 ವ್ಯಾಟ್‌ಗೆ 83, 4ಕ್ಕೆ 86, 8ಕ್ಕೆ 89, 16ಕ್ಕೆ 92, 32ಕ್ಕೆ 95. ಮನೆಯಲ್ಲಿ 95 ಡೆಸಿಬೆಲ್ ಅಂದರೆ ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು. ಅಂದರೆ ನಿಜವಾದ 50-60 ವ್ಯಾಟ್ ಧಾರಾಳ. ಸ್ಪೀಕರ್ 84 ಇದ್ದರೆ ಅದೇ ಸದ್ದಿಗೆ 64 ವ್ಯಾಟ್ ಬೇಕಾಗುತ್ತದೆ. 80 ವ್ಯಾಟಿಗೂ 100 ವ್ಯಾಟಿಗೂ ಇರುವ ವ್ಯತ್ಯಾಸ ಬರೀ ಒಂದು ಡೆಸಿಬೆಲ್. ಅದಕ್ಕಾಗಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

"ನಿಜವಾದ" ಅಂದದ್ದು ಯಾಕೆಂದರೆ, ರಿಸೀವರ್ ಡಬ್ಬದ ದೊಡ್ಡ ಅಂಕಿ ಹಲವು ಸಲ ಒಂದೇ ಚಾನಲ್, 6 ಓಮ್, 1 ಕಿಲೋಹರ್ಟ್ಸ್, 10% ವಿಕೃತಿಯ ಲೆಕ್ಕ. ಒಳಗಿನ ಪುಸ್ತಕದಲ್ಲಿ "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನಲ್" ಅನ್ನುವ ಸಾಲು ಹುಡುಕಿ. ಅದೇ ನಂಬಬಹುದಾದ ಅಂಕಿ.

ಉಳಿದಂತೆ ನೋಡಬೇಕಾದದ್ದು ಸ್ವಲ್ಪವೇ. ಎಚ್‌ಡಿಎಂಐ ಇನ್‌ಪುಟ್ ಕನಿಷ್ಠ ಮೂರು. ಟಿವಿಯ ಸದ್ದನ್ನು ಅದೇ ಎಚ್‌ಡಿಎಂಐ ವೈರಿನಲ್ಲಿ ರಿಸೀವರ್‌ಗೆ ತರುವ ಎಆರ್‌ಸಿಯ ಹೊಸ ರೂಪ ಇಎಆರ್‌ಸಿ ಇದ್ದರೆ ಒಳ್ಳೆಯದು. ಬರೀ ಎಆರ್‌ಸಿ ಇದ್ದರೂ ಒಟಿಟಿ ಸಿನಿಮಾದ ಡಾಲ್ಬಿ ಡಿಜಿಟಲ್ ಪ್ಲಸ್ ಬರುತ್ತದೆ, ಬ್ಲೂ-ರೇಯ ಪೂರ್ಣ ಸದ್ದು ಬರುವುದಿಲ್ಲ. ಸದ್ದನ್ನು ಅಳೆದು ರೂಮಿಗೆ ಹೊಂದಿಸುವ ಮೈಕ್ ಡಬ್ಬದಲ್ಲೇ ಬರಬೇಕು. ಡೆನನ್, ಯಮಹಾ, ಓಂಕ್ಯೊ, ಸೋನಿ ಎಲ್ಲರೂ ಇದಕ್ಕೆ ಒಂದೊಂದು ವಿಧಾನ ಕೊಡುತ್ತಾರೆ. ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಅಂತ ಮೊದಲೇ ಫೋನ್ ಮಾಡಿ ಕೇಳಿ, ಡಬ್ಬ, ಥರ್ಮೋಕೋಲ್ ಎಸೆಯಬೇಡಿ. ಸೋವಿ ಅಂತ ಅಮೆರಿಕದಿಂದ ತರಿಸಿದ 120 ವೋಲ್ಟಿನ ರಿಸೀವರ್ ಕೊಳ್ಳಬೇಡಿ. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಅದು ಸುಟ್ಟುಹೋಗುತ್ತದೆ.

## ಹಂತ 7: ಕರೆಂಟು, ಬಿಸಿಲು, ಧೂಳು

ಸಂಜೆ ಹೊತ್ತು, ಊರೆಲ್ಲ ಕೂಲರ್ ಹಾಕಿದಾಗ ವೋಲ್ಟೇಜ್ ಅಳೆಸಿ. 207ರಿಂದ 253ರೊಳಗೆ ಇದ್ದರೆ ಸರಿ. ಆಚೀಚೆ ಹೋಗುತ್ತಿದ್ದರೆ ಸ್ಟೆಬಿಲೈಸರ್ ಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆಯೂ ಅಳೆಸಿ. ಎರಡು-ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ, ಆಗಾಗ ನೀರು ಹಾಕಬೇಕು. ಇನ್ವರ್ಟರ್ ಮೇಲೆ ಓಡಿಸುವುದಾದರೆ ಪ್ಯೂರ್ ಸೈನ್‌ವೇವ್ ಇರಲಿ. ಸ್ಕ್ವೇರ್‌ವೇವ್ ಇನ್ವರ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಗುಡುಗು-ಸಿಡಿಲು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಿ, ಡಿಶ್ ಅಥವಾ ಕೇಬಲ್ ವೈರನ್ನೂ ಕೀಳಿ.

ರಿಸೀವರ್ ಮೇಲೆ ಆರು ಇಂಚು, ಪಕ್ಕಕ್ಕೆ ಮೂರು ಇಂಚು ಗಾಳಿ ಆಡಲಿ. ಬಾಗಿಲಿರುವ ಶೋಕೇಸ್ ಒಳಗೆ ಕೂರಿಸಬೇಡಿ. ಹೊರಗೆ 40 ಡಿಗ್ರಿ ದಾಟಿದ ದಿನ ಮುಚ್ಚಿದ ಶೋಕೇಸ್‌ನೊಳಗೆ ಬಿಸಿ ಇನ್ನೂ ಜಾಸ್ತಿ. ಕಸೂತಿ ಬಟ್ಟೆ ಹೊದಿಸುವ ಆಸೆ ಇದ್ದರೆ ಆರಿಸಿ ತಣ್ಣಗಾದ ಮೇಲೆ ಮಾತ್ರ. ಬಳ್ಳಾರಿ-ಸಂಡೂರು ಕಡೆಯ ಕೆಂಪು ಧೂಳು ತುಂಬಾ ನುಣುಪು, ಜಾಲರಿಯೊಳಗೆ ಇಳಿದು ಕೂರುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಮೆತ್ತನೆ ಬ್ರಷ್ಷಿನಲ್ಲಿ ತೆಗೆಯಿರಿ. ಒದ್ದೆ ಬಟ್ಟೆ ಬೇಡ.

## ಹಂತ 8: ವೈರ್ ಹಾಕುವುದು

25 ಅಡಿಯೊಳಗೆ, 8 ಓಮ್ ಸ್ಪೀಕರ್‌ಗೆ 16 ಗೇಜ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ಜೋಡಿ ವೈರ್ ಕೂಡ ಇದೇ ಕೆಲಸ ಮಾಡುತ್ತದೆ. ಕೊಳ್ಳುವ ಮುಂಚೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಸ್ಪೀಕರ್ ವೈರನ್ನು ಕರೆಂಟಿನ ಪೈಪಿನೊಳಗೆ ಎಳೆಯಬೇಡಿ. ಇಲಿ ಕಾಟ ಇದ್ದರೆ ಬೇರೆ ಪಿವಿಸಿ ಕೇಸಿಂಗ್ ಹಾಕಿ. ರಿಸೀವರ್ ಪ್ಲಗ್ ಕಿತ್ತ ಮೇಲೆಯೇ ಜೋಡಿಸಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್‌ಗೆ ತಾಗಿದರೆ ಶಾರ್ಟ್ ಆಗುತ್ತದೆ.

ಬಣ್ಣ ಗೊತ್ತಾಗದ ವೈರ್ ಇದ್ದರೆ, ರಿಸೀವರ್ ಕಡೆಯ ತುದಿ ಬಿಚ್ಚಿ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಹಿಡಿದ ವೈರೇ ಕೆಂಪು.

ಅಡುಗೆಮನೆಗೂ ಹಾಡು ಬರಲಿ ಅಂತ ಒಂದೇ ಟರ್ಮಿನಲ್‌ಗೆ ಎರಡು ಸ್ಪೀಕರ್ ಕಟ್ಟುವವರು ಬಹಳ. ಎರಡು 8 ಓಮ್ ಸೇರಿ 4 ಓಮ್ ಆಗುತ್ತದೆ, ರಿಸೀವರ್ ಆಯಸ್ಸು ಕರಗುತ್ತದೆ. ಸೆಂಟರನ್ನು ಶೋಕೇಸ್ ಗೂಡಿನ ಒಳಕ್ಕೆ ತಳ್ಳಬೇಡಿ. ಅದರ ಮುಖ ಗೂಡಿನ ಅಂಚಿಗೆ ಸಮ ಬರಲಿ, ಸೆಂಟರ್ ಟಿವಿಯ ಕೆಳಗಿದ್ದರೆ ಕಿವಿಯತ್ತ ಸ್ವಲ್ಪ ಮೇಲಕ್ಕೆ ವಾಲಿಸಿ.

## ಹಂತ 9: ಟಿವಿ ಸೆಟ್ಟಿಂಗ್, ಸದ್ದು ಹೊಂದಿಸುವುದು

ಎಚ್‌ಡಿಎಂಐ ಕೇಬಲ್ಲನ್ನು ಟಿವಿಯ ಎಆರ್‌ಸಿ ಅಂತ ಬರೆದ ಕಿಂಡಿಗೇ ಹಾಕಿ, ಎರಡೂ ಕಡೆ ಸಿಇಸಿ (ಟಿವಿ, ರಿಸೀವರ್ ಒಂದಕ್ಕೊಂದು ಸೂಚನೆ ಕೊಡುವ ಸೆಟ್ಟಿಂಗ್) ಆನ್ ಮಾಡಿ. ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಂ ಇದ್ದರೆ ಎಆರ್‌ಸಿಯಲ್ಲಿ ಎರಡೇ ಚಾನಲ್ ಬರುತ್ತದೆ. ಅದನ್ನು ಆಟೋ ಅಥವಾ ಪಾಸ್‌ಥ್ರೂ ಮಾಡಿ. "ಹಿಂದಿನ ಸ್ಪೀಕರ್ ಮೂಕ" ಅನ್ನುವ ದೂರಿನಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತದೆ. ಒಟಿಟಿಯಲ್ಲಿ ಭಾಷೆ ಬದಲಿಸಿದಾಗ ಕೆಲವು ಡಬ್ಬಿಂಗ್ ಟ್ರ್ಯಾಕ್ ಬರೀ ಸ್ಟೀರಿಯೊ ಇರಬಹುದು. ರಿಸೀವರ್ ಡಿಸ್‌ಪ್ಲೇ ನೋಡಿದರೆ ಗೊತ್ತಾಗುತ್ತದೆ.

ಮೈಕ್ ಪರೀಕ್ಷೆಗೆ ಕೂಲರ್, ಫ್ಯಾನ್ ಎಲ್ಲ ಆರಿಸಿ. ಮೈಕನ್ನು ಸ್ಟ್ಯಾಂಡಿನ ಮೇಲೆ ಕಿವಿಯ ಎತ್ತರಕ್ಕೆ ಇಡಿ, ಕೈಯಲ್ಲಿ ಹಿಡಿಯಬೇಡಿ. ಸಬ್ಬಿನ ವಾಲ್ಯೂಮ್ ಅರ್ಧಕ್ಕೆ, ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದು ಸಬ್ಬಿಗೆ ಹೋಗಬೇಕು ಅನ್ನುವ) ಗುಂಡಿ ಗರಿಷ್ಠಕ್ಕೆ ತಿರುಗಿಸಿರಿ. ಪರೀಕ್ಷೆ ಮುಗಿದ ಮೇಲೆ ಮೆನು ತೆರೆದು ನೋಡಿ. ಸ್ಪೀಕರ್‌ಗಳನ್ನು "ಲಾರ್ಜ್" ಅಂತ ಗುರುತಿಸಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಅಂಗೈಯಷ್ಟು ಸಣ್ಣ ಸ್ಪೀಕರ್ ಆದರೆ 120. ಮಾತು ಇನ್ನೂ ಸಾಲದು ಅನ್ನಿಸಿದರೆ ಸೆಂಟರನ್ನು 2 ಡೆಸಿಬೆಲ್ ಏರಿಸಿ. ಈ ಕೊನೆಯ ತಿದ್ದುಪಡಿಯನ್ನು ಕೂಲರ್ ಹಾಕಿಕೊಂಡೇ ಮಾಡಿ, ಯಾಕೆಂದರೆ ನೀವು ಸಿನಿಮಾ ನೋಡುವುದು ಹಾಗೆಯೇ.

## ಮೊದಲ ತಿಂಗಳು ಗಮನಿಸಬೇಕಾದ ಸೂಚನೆಗಳು

ಬೇಸ್ ತೆಳ್ಳಗಾಗಿ, ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ ಒಂದು ಸ್ಪೀಕರ್‌ನ ವೈರ್ ಉಲ್ಟಾ ಆಗಿದೆ. ಸೆಲ್ ಪರೀಕ್ಷೆ ಮಾಡಿ.

ಜೋರಾದ ಸೀನಿನಲ್ಲಿ ರಿಸೀವರ್ ತಾನೇ ಆಫ್ ಆದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಶಾರ್ಟ್, ಕಡಿಮೆ ಓಮ್ ಅಥವಾ ಬಿಸಿ, ಈ ಮೂರರಲ್ಲಿ ಒಂದು. ಪ್ಲಗ್ ಕಿತ್ತು ಪ್ರತಿ ಟರ್ಮಿನಲ್ ನೋಡಿ. ಸುಟ್ಟ ವಾಸನೆ ಬಂದರೆ ಮನೆಯಲ್ಲಿ ಬಿಚ್ಚದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಸಿನಿಮಾ ಹಾಕದಿದ್ದಾಗಲೂ ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಮೊದಲು ಕೇಬಲ್ ಟಿವಿಯ ವೈರ್ ಕಿತ್ತು ನೋಡಿ. ಸದ್ದು ನಿಂತರೆ ಗ್ರೌಂಡ್ ಲೂಪ್, ಅಂದರೆ ಎರಡು ಅರ್ಥ್ ದಾರಿ ಸೇರಿ ಆಗುವ ಗುಂಯ್. ಕೇಬಲ್ ವೈರಿಗೆ ಐಸೊಲೇಟರ್ ಹಾಕಿಸಿ, ಟಿವಿ, ರಿಸೀವರ್, ಸಬ್ ಮೂರಕ್ಕೂ ಒಂದೇ ಪಾಯಿಂಟಿನಿಂದ ಕರೆಂಟ್ ಕೊಡಿ. ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ಯಾರು ಹೇಳಿದರೂ ಅದನ್ನು ಮಾಡಬೇಡಿ. ಆ ಪಿನ್ ಇಲ್ಲದಿದ್ದರೆ ಒಳಗೆ ಲೀಕ್ ಆದ ಕರೆಂಟು ರಿಸೀವರ್ ಮುಟ್ಟಿದವರ ಮೈಗೇ ಬರುತ್ತದೆ.